ತಾರಸಿ ತೋಟವನ್ನು ಅರವತ್ತು ಚೀಲಗಳಿಂದ ಆರಂಭಿಸುವುದು ಸರಿಯೇ?

ಪ್ರಶ್ನೆ: ವಿಜಯನಗರದ ಹೊಸಬ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ 30x40 ನಿವೇಶನದಲ್ಲಿರುವ ನಮ್ಮ ಮನೆಯನ್ನು 1998ರಲ್ಲಿ ಕಟ್ಟಿಸಿದ್ದು. 2020ರ ಲಾಕ್‌ಡೌನ್‌ಗೆ ಮೊದಲು ನಮ್ಮ ಬೀದಿಯ ತಾರಸಿಗಳ ಮೇಲೆ ತುಳಸಿ ಕುಂಡ, ಒಂದೆರಡು ಗುಲಾಬಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಈಗ ಒಂಬತ್ತು ಮನೆಗಳ ಮೇಲೆ ಬದನೆ, ಟೊಮೆಟೊ, ಹಾಗಲದ ಬಳ್ಳಿ ಇವೆ. ಸಂಜೆಯ ವಾಯುವಿಹಾರದ ಮಾತು ಕೂಡ ರಾಜಕೀಯವನ್ನು ಬಿಟ್ಟು ಎರೆಗೊಬ್ಬರದತ್ತ ತಿರುಗಿದೆ. ಕಳೆದ ತಿಂಗಳು ನಿವೃತ್ತನಾದ ನನಗೂ ಆಸೆ ಹುಟ್ಟಿ, ತೋಟ ಮಾಡಿಕೊಡುವವರೊಬ್ಬರನ್ನು ವಿಚಾರಿಸಿದಾಗ ಅವರು ಮಣ್ಣು ತುಂಬಿ ಗಿಡ ಬೆಳೆಸುವ 60 ಚೀಲ, ಹನಿ ನೀರಾವರಿ, ನೆರಳು ಬಲೆ ಎಲ್ಲವನ್ನೂ ಸೇರಿಸಿ ಅಂದಾಜು ಪಟ್ಟಿ ಕೊಟ್ಟಿದ್ದಾರೆ.

ಮುಂಗಡ ಕೊಡುವ ಮೊದಲು ಅನುಭವಿಗಳನ್ನು ಕೇಳೋಣವೆನಿಸಿತು. ಹಳೆಯ ತಾರಸಿ ಇಷ್ಟು ಭಾರವನ್ನು ತಾಳುವುದೇ? ಬೇಸಿಗೆಯಲ್ಲಿ ನೀರಿಗೇನು ಮಾಡುತ್ತೀರಿ? ಇನ್ನೊಂದು ಸಂಗತಿ: ಇದೇ ಬೀದಿಯ ಎರಡು ಮನೆಗಳ ಮೇಲೆ ಒಣಗಿದ ಚೀಲಗಳ ಸಾಲೂ ಇದೆ. ಇಷ್ಟು ಉತ್ಸಾಹದಿಂದ ಆರಂಭವಾಗುವ ಹವ್ಯಾಸ ಅರ್ಧಕ್ಕೇ ನಿಲ್ಲುವುದೇಕೆ?

ಉತ್ತರ 1: ನಿವೃತ್ತ ಸಿವಿಲ್ ಇಂಜಿನಿಯರ್

ಭಾರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಕೇಳದೆಯೇ ತೋಟ ಮಾಡಿದವರೇ ಹೆಚ್ಚು. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಹೊರೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹನ್ನೆರಡು ಇಂಚು ಅಗಲ, ಅಷ್ಟೇ ಎತ್ತರದ ಚೀಲಕ್ಕೆ ಬರೀ ಕೆಮ್ಮಣ್ಣು ತುಂಬಿ ನೀರುಣಿಸಿದರೆ ಅದು 30 ಕೆ.ಜಿ. ಮೀರುತ್ತದೆ, ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿಗಳನ್ನು ಸಮಪಾಲಿನಲ್ಲಿ ಬೆರೆಸಿದರೆ 20 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಒಂದು ಚದರ ಮೀಟರಿನಲ್ಲಿ ಇಂಥ ಒಂಬತ್ತು ಚೀಲಗಳನ್ನು ಒತ್ತಾಗಿ ಇಡಬಹುದು. ಗುಣಿಸಿ ನೋಡಿದರೆ ಹಗುರ ಮಿಶ್ರಣದಲ್ಲಿಯೂ 180 ಕೆ.ಜಿ. ಆಯಿತು, ಬರೀ ಮಣ್ಣಾದರೆ 270.

ಆದ್ದರಿಂದ ಚೀಲಗಳ ಒಟ್ಟು ಸಂಖ್ಯೆಗಿಂತ ಅವುಗಳನ್ನು ಎಲ್ಲಿಡುತ್ತೀರಿ ಎಂಬುದು ಮುಖ್ಯ. ಕೆಳಗೆ ಗೋಡೆ ಅಥವಾ ತೊಲೆ ಇರುವ ಗೆರೆಗುಂಟ ಸಾಲಾಗಿ ಇಡಿ, ಕೋಣೆಯ ನಡುಭಾಗದ ಮೇಲೆ ಗುಡ್ಡೆ ಹಾಕಬೇಡಿ. ನೀರು ಹರಿದುಹೋಗಲು ಪ್ರತಿ ಚೀಲದ ಕೆಳಗೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಇರಲಿ. ಮಳೆನೀರಿನ ಕೊಳವೆಯ ಬಾಯಿಗೆ ಎಲೆ, ಮಣ್ಣು ಕಟ್ಟಿಕೊಳ್ಳದಂತೆ ವಾರಕ್ಕೊಮ್ಮೆ ನೋಡಿ. ಈಗಾಗಲೇ ಚಾವಣಿಯಲ್ಲಿ ಬಿರುಕು ಅಥವಾ ತೇವದ ಕಲೆ ಇದ್ದರೆ ಮೊದಲು ಅದನ್ನು ಸರಿಪಡಿಸಿ, ತೋಟದ ಮಾತು ಆಮೇಲೆ.

ಉತ್ತರ 2: ಹದಿಮೂರನೇ ವರ್ಷದ ತಾರಸಿ

ಇಂಜಿನಿಯರ್ ಅವರ ಲೆಕ್ಕ ಓದಿ, ನಮ್ಮ ಮನೆಯ ಮೇಲೂ ಒಂದು ಮೂಲೆ ಖಾಲಿ ಮಾಡಬೇಕೆನಿಸಿತು. ಉಳಿದೆರಡು ಪ್ರಶ್ನೆಗಳಿಗೆ ನನ್ನ ಅನುಭವ ಹೇಳುತ್ತೇನೆ.

ಈ ಹವ್ಯಾಸವನ್ನು ಲಾಕ್‌ಡೌನ್ ಹುಟ್ಟಿಸಲಿಲ್ಲ, ಹಬ್ಬಿಸಿತು, ಅಷ್ಟೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರು ಬೆಂಗಳೂರಿನಲ್ಲಿ 1990ರ ದಶಕದಿಂದಲೇ ಸಾವಯವ ತಾರಸಿ ತೋಟದ ಕಾರ್ಯಾಗಾರಗಳನ್ನು ನಡೆಸುತ್ತ ಬಂದರು. ‘ಊಟ ಫ್ರಂ ಯುವರ್ ತೋಟ’ ಎಂಬ ತಾರಸಿ ತೋಟಗಾರರ ಸಂತೆ 2011ರಲ್ಲಿ ಶುರುವಾಯಿತು. ಅದಾದ ಮರುವರ್ಷ ಹಸಿಕಸ, ಒಣಕಸ ಬೇರ್ಪಡಿಸುವುದು ನಗರದಲ್ಲಿ ಕಡ್ಡಾಯವಾದಾಗ, ಅಡುಗೆಮನೆಯ ಹಸಿಕಸವನ್ನು ಡಬ್ಬಿಯಲ್ಲಿ ಕೊಳೆಸಿ ಗೊಬ್ಬರ ಮಾಡಿದ ನನ್ನಂಥವರು, ಇಷ್ಟು ಗೊಬ್ಬರವನ್ನು ಏನು ಮಾಡುವುದೆಂದು ತಿಳಿಯದೆ ಗಿಡ ನೆಟ್ಟೆವು. ನನ್ನ ತೋಟಕ್ಕೆ ಹಸಿರಿನ ಮೇಲಿನ ಪ್ರೀತಿಗಿಂತ ಕಸದ ಡಬ್ಬಿಯೇ ಮೂಲ ಎಂದರೂ ತಪ್ಪಾಗದು.

ನೀರಿನ ವಿಷಯಕ್ಕೆ ಬರುತ್ತೇನೆ. 12 ಇಂಚಿನ ಚೀಲ ಬೇಸಿಗೆಯಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ಕುಡಿಯುತ್ತದೆ, ಅಂದರೆ ನಿಮ್ಮ 60 ಚೀಲಗಳಿಗೆ ನಿತ್ಯ 60ರಿಂದ 120 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿದ್ದು ನೆನಪಿರಬಹುದು. ಆ ಬೇಸಿಗೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮೇಲಕ್ಕೆ ಹೊತ್ತೆವು. ಎರಡು ಮಹಡಿ ಹತ್ತಿದ ಬಕೆಟ್ ಎಷ್ಟು ಗಿಡಗಳಿಗೆ ಸಾಲುತ್ತದೋ ಅಷ್ಟೇ ತೋಟ ನಿಮ್ಮದು ಎಂಬ ಪಾಠ ಆಗ ಕಲಿತೆ. 45 ಚೀಲಗಳಲ್ಲಿ 18 ಉಳಿಸಿಕೊಂಡೆ. ಮಣ್ಣಿನ ಮೇಲೆ ಒಣಗಿದ ಎಲೆಯ ಹೊದಿಕೆ ಹಾಸಿದರೆ ನೀರಿನ ಖರ್ಚು ಸ್ಪಷ್ಟವಾಗಿ ತಗ್ಗುತ್ತದೆ.

ಅರ್ಧಕ್ಕೇ ಬಿಡುವವರು ಸಾಮಾನ್ಯವಾಗಿ ಟೊಮೆಟೊ, ದಪ್ಪಮೆಣಸಿನಕಾಯಿ, ಹೂಕೋಸುಗಳಿಂದ ಆರಂಭಿಸಿದವರು. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣ ಹರಡಿದ ನಂಜು ರೋಗ, ಆ ಗಿಡವನ್ನು ಕಿತ್ತೆಸೆಯುವುದೇ ದಾರಿ. ಟೊಮೆಟೊದ ತಳ ಕಪ್ಪಾಗಿ ಕೊಳೆತರೆ ಕಾರಣ ಹೆಚ್ಚಾಗಿ ರೋಗವಲ್ಲ. ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂಬಂತೆ ನೀರು ಹಾಕಿದಾಗ ಕ್ಯಾಲ್ಸಿಯಂ ಕಾಯಿಗೆ ತಲುಪುವುದಿಲ್ಲ. ಇದು ತಿಳಿಯದೆ ಔಷಧ ಸಿಂಪಡಿಸಿ, ಸೋತು, ಕೈಬಿಡುತ್ತಾರೆ. ಗಿಡಕ್ಕೆ ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟುತಿಗಣೆ ಎಂಬ ಕೀಟಕ್ಕೆ ಮಾತ್ರ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಿ.

ತರಕಾರಿಯ ಖರ್ಚು ಉಳಿಯುತ್ತದೆಂಬ ಲೆಕ್ಕವನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ನಾನು ಇಟ್ಟು ನೋಡಿದ್ದೇನೆ, ಪತ್ನಿಗೆ ತೋರಿಸುವಂತಿರಲಿಲ್ಲ.

ಉತ್ತರ 3: ಶಿರಸಿ ಹಿತ್ತಲು

ನಮ್ಮ ಕಡೆ ಇದಕ್ಕೆ ಹವ್ಯಾಸವೆಂಬ ಹೆಸರಿರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಅದರಾಚೆ ಹರಿವೆ, ಮೊಗೆಕಾಯಿ, ಸೂಜಿಮೆಣಸು, ತಂಬುಳಿಗೆಂದು ಒಂದೆಲಗ, ದೊಡ್ಡಪತ್ರೆ ಇದ್ದರೆ ಅದು ಹಿತ್ತಲು. ನೋಡಿಕೊಳ್ಳುವವಳು ಮನೆಯ ಹೆಂಗಸು. ನಗರದವರು ಅದನ್ನು ಹಣ ಕೊಟ್ಟು ಕಲಿಯುತ್ತಿರುವ ಹೊತ್ತಿಗೆ ಇಲ್ಲಿ ಮಂಗಗಳ ಕಾಟಕ್ಕೆ ಬೇಸತ್ತು ಎಷ್ಟೋ ಮನೆಗಳು ಹಿತ್ತಲನ್ನು ಬಿಟ್ಟಿವೆ, ಸಂತೆಯಿಂದ ಬದನೆ ತರುತ್ತಿವೆ. ನಿಮಗೆ ಭಾರದ ಚಿಂತೆ, ನಮಗೆ ಮಂಗನ ಚಿಂತೆ.

ಹೇಳಬೇಕೆಂದಿದ್ದು ಬೀಜದ ಬಗ್ಗೆ. ಅಂಗಡಿಯ ಹೈಬ್ರಿಡ್ ಪೊಟ್ಟಣದಿಂದ ಬೆಳೆದ ಗಿಡದ ಬೀಜ ಹಿಡಿದಿಟ್ಟರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ನಾಟಿ ತಳಿಯನ್ನು ಹುಡುಕಿ ತನ್ನಿ. ಗಿಡದಲ್ಲಿ ಮೊದಲು ಬಿಟ್ಟ ಚೆಂದದ ಕಾಯಿಯನ್ನು ಆಸೆಪಟ್ಟು ಕೊಯ್ಯದೆ ಬಲಿಯಲು ಬಿಟ್ಟು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿಡಿ. ನಿಮ್ಮ ಬೀದಿಯ ಒಂಬತ್ತು ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಬೀಜ ಇಟ್ಟುಕೊಂಡರೂ ಪೊಟ್ಟಣ ಕೊಳ್ಳುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ವಿಜಯನಗರದ ಹೊಸಬ

ಮೂವರಿಗೂ ವಂದನೆಗಳು. ನಿನ್ನೆ ಟೇಪು ಹಿಡಿದು ಮೇಲೆ ಹೋಗಿ, ಕೆಳಗಿನ ಗೋಡೆಗಳ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿದೆ. ಅಂದಾಜು ಪಟ್ಟಿಯನ್ನು ಹಿಂದಿರುಗಿಸಿ ಹತ್ತು ಚೀಲ ಮಾತ್ರ ತರುವುದೆಂದು ತೀರ್ಮಾನಿಸಿದ್ದೇನೆ. ಮೊದಲು ಯಾವುದನ್ನು ಬಿತ್ತಲಿ?

ಶಿರಸಿ ಹಿತ್ತಲು

ಹರಿವೆ ಬಿತ್ತಿ, ಸಾರ್. ಬೀಜ ಸಣ್ಣದು, ಒಣ ಮರಳಿನಲ್ಲಿ ಬೆರೆಸಿ ಎರಚಿ. ಇರುವೆ ಹೊತ್ತೊಯ್ಯದಂತೆ ಸುತ್ತ ಬೂದಿ ಹಾಕಿ. ತಿಂಗಳೊಳಗೆ ಪಲ್ಯಕ್ಕಾಗುತ್ತದೆ.