ವಿಕ್ಟೋರಿಯಾದ ಮೂಲನಿವಾಸಿಗಳ ಒಪ್ಪಂದ: ಸರ್ಕಾರದ ಎದುರು ಕೂತು ಮಾತಾಡೋರು ಯಾರು?

ವಾಕಡದ ಧಾರವಾಡದಾಕಿ (ಪುಣೆ):
ನಮಸ್ಕಾರ್ರಿ ಎಲ್ಲಾರ್ಗೂ. ನನ್ನ ತಂಗಿ ಮೆಲ್ಬರ್ನ್‌ದಾಗ ಅದಾಳ, ಮೊನ್ನೆ ಫೋನಿನ್ಯಾಗ ಹೇಳಿದ್ಲು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಾಗ ಮೂಲನಿವಾಸಿ ಮಂದಿ ತಮ್ಮದ ಒಂದು ಅಸೆಂಬ್ಲಿ ಆರಿಸ್ಕೊಂಡು, ಅದು ಸರ್ಕಾರದ ಜೊತಿ ಮಾತಾಡಿ 2025ರ ನವೆಂಬರ್‌ನಾಗ ಒಪ್ಪಂದಕ್ಕ ಸಹಿನೂ ಆತು ಅಂತ. ಕೇಳಿ ಖುಷಿ ಆತು, ಆದ್ರ ಒಂದು ತಿಳೀವಲ್ದು. ಕಾನೂನು ಮಾಡಾವರು ಸರ್ಕಾರದವರ, ರೊಕ್ಕಾ ಕೊಡಾವರೂ ಅವರ, ಮತ್ತ ಮಾತುಕತಿ ಸರಿಸಮ ಹೆಂಗ ಆಗ್ತೈತಿ? ಇಲ್ಲೇ ಜುನ್ನರ, ಆಂಬೇಗಾಂವ್ ಕಡೆ ಮಹಾದೇವ ಕೋಳಿ ಆದಿವಾಸಿ ಮಂದಿ ಅದಾರಲ್ಲ, ಅವರಿಗೆ ಇಂಥಾದ್ದು ಏನರೆ ಐತೇನು?

ಗೋರೆಗಾಂವ್ ಭಟ್ರು (ಮುಂಬೈ):
ಪೂರ್ತಿ ಸರಿಸಮ ಅಂತ ನಾನು ಹೇಳುದಿಲ್ಲ ಅಕ್ಕ, ಆದ್ರೆ ಅವ್ರು ಮಾಡಿಕೊಂಡ ತಯಾರಿ ನೋಡಿ. 2018ರಲ್ಲಿ ಕಾನೂನು, 2019ರಲ್ಲಿ ಮೊದಲ ಚುನಾವಣೆ, 16 ವರ್ಷ ಆದವರಿಗೂ ಓಟು ಉಂಟು. ಎಲ್ಲಾ ಸೀಟಿಗೂ ಓಟಲ್ಲ, ಆ ಭೂಮಿಯ ವಾರಸುದಾರ ಅಂತ ಮಾನ್ಯತೆ ಸಿಕ್ಕಿದ ಗುಂಪುಗಳು ತಮ್ಮವರನ್ನ ತಾವೇ ಕಳಿಸ್ಲಿಕ್ಕೆ ಬೇರೆ ಸೀಟು ಇಟ್ಟಿದ್ದಾರೆ, ಇದು ನನಗೆ ತುಂಬ ಹಿಡಿಸಿತು, ಯಾಕಂದ್ರೆ ಬರೀ ತಲೆ ಎಣಿಸಿದ್ರೆ ಸಣ್ಣ ಗುಂಪು ಮುಳುಗಿಯೇ ಹೋಗ್ತದೆ. ವಕೀಲರು, ಓಡಾಟದ ಖರ್ಚಿಗೆಲ್ಲ ಒಂದು ನಿಧಿ, ಅದರ ಕೀಲಿ ಸರ್ಕಾರದ ಕೈಯಲ್ಲಿ ಇಲ್ಲ. ಅಂಪೈರ್ ಹಾಗೆ ಯಾರ ಕಡೆಗೂ ಸೇರದ ಒಂದು ಸಂಸ್ಥೆ. ಇಷ್ಟು ಕಟ್ಟಿದ ಮೇಲೆಯೇ 2024ರ ನವೆಂಬರಿನಲ್ಲಿ ರಾಜ್ಯಮಟ್ಟದ ಮಾತುಕತೆ ಶುರುವಾದ್ದು.
ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಅದೇ ದೇಶದ ಕ್ವೀನ್ಸ್‌ಲ್ಯಾಂಡಿನಲ್ಲಿ 2023ರಲ್ಲಿ ಒಪ್ಪಂದಕ್ಕೆ ದಾರಿ ಮಾಡಿದ ಕಾನೂನು, ಸರ್ಕಾರ ಬದಲಾದ ಕೂಡ್ಲೆ 2024ರಲ್ಲಿ ರದ್ದಾಯ್ತು.

ವಾಸ್ಕೋ ಗದಗಿನವ (ಗೋವಾ):
ಅಕ್ಕಾರ, ನಮ್ಮ ಗೋವಾದ್ದು ಕೇಳ್ರಿ. ಗಾವಡಾ, ಕುಣಬಿ, ವೇಳಿಪ ಮಂದೀನ ಎಸ್‌ಟಿ ಪಟ್ಟಿಗೆ ಸೇರಿಸಿದ್ದು 2003ರಾಗ. ವಿಧಾನಸಭೆದಾಗ 40 ಸೀಟು, ಅದ್ರಾಗ ಅವರಿಗೆ ಮೀಸಲು ಕೊಡೋ ಮಸೂದೆ ಪಾರ್ಲಿಮೆಂಟಿನ್ಯಾಗ ಪಾಸಾಗಿದ್ದು 2025ರ ಆಗಸ್ಟಿಗೆ. 22 ವರ್ಷ ರೀ! ಆ ಮಂದಿ ಮೋರ್ಚಾ ಮಾಡಿ ಮಾಡಿ ಕಾಲು ಸವೆಸಿದ್ರು. ಮೀಸಲು ಬೇಕ ಬೇಕು, ಆದ್ರ ಗೆದ್ದಾವ ನಾಳೆ ಪಕ್ಷದ ವಿಪ್ ಕೇಳ್ಬೇಕು, ಅವನಿಗೆ ಓಟು ಹಾಕಾವರೂ ಕ್ಷೇತ್ರದ ಎಲ್ಲಾ ಜಾತಿ ಮಂದಿ. ತಮ್ಮವರ ಕೂಡಿ ಆರಿಸಿ ಮಾತುಕತಿಗೆ ಕಳಿಸೋದು ಬ್ಯಾರೆ.

ಗೋರೆಗಾಂವ್ ಭಟ್ರು:
ಗದಗಿನವರು ಹೇಳಿದ್ದು ಸರಿ. ನಮ್ಮಲ್ಲಿ ಅದಕ್ಕೆ ಹತ್ತಿರ ಬರುದು ಅಂದ್ರೆ ಗ್ರಾಮಸಭೆ. 1996ರ ಪೇಸಾ, ಅಂದ್ರೆ ಆದಿವಾಸಿ ಪ್ರದೇಶಗಳ ಪಂಚಾಯಿತಿ ಕಾಯ್ದೆ, ಮತ್ತೆ 2006ರ ಅರಣ್ಯ ಹಕ್ಕು ಕಾಯ್ದೆ ಎರಡೂ ಅದಕ್ಕೇ ಬಲ ಕೊಟ್ಟದ್ದು. ಗಡಚಿರೋಲಿಯ ಮೇಂಢಾ ಲೇಖಾದ ಗೊಂಡರು ‘ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ’ ಅಂತ ಹೇಳಿಕೊಂಡೇ 2009ರಲ್ಲಿ ಕಾಡಿನ ಸಾಮೂಹಿಕ ಹಕ್ಕು ಪಡೆದ್ರು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಗ್ರಾಮಸಭೆಗಳನ್ನೇ ಕೇಳಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಳಿದ 12ಕ್ಕೆ 12 ಗ್ರಾಮಸಭೆಯೂ ಗಣಿ ಬೇಡ ಅಂದವು, ಗಣಿ ನಿಂತಿತು. ಆದ್ರೆ ಒಂದೊಂದೇ ಊರು ಒಬ್ಬೊಬ್ಬರೇ ನಿಲ್ಲಬೇಕು, ಎಲ್ಲಾ ಊರುಗಳ ಪರವಾಗಿ ಮುಂಬೈಗೆ ಬಂದು ಮಾತಾಡುವ ಆರಿಸಿದ ಸಭೆ ಇಲ್ಲ, ಇದೇ ನನ್ನ ಸಂಕಟ. ಅಕ್ಕ, ಜುನ್ನರ, ಆಂಬೇಗಾಂವಿನ ಕೆಲವು ಹಳ್ಳಿಗಳೂ ಪೇಸಾದಲ್ಲಿ ಬರ್ತವೆ.

ವಾಕಡದ ಧಾರವಾಡದಾಕಿ:
ಇದು ಗೊತ್ತಿರ್ಲಿಲ್ರಿ. ನಮ್ಮನಿ ಕೆಲಸಕ್ಕ ಬರೋ ಮೌಶಿ ಆಂಬೇಗಾಂವ್ ಕಡೆಯವರ, ಅವರೂರಾಗ ಗ್ರಾಮಸಭೆ ಖರೇ ಕೂಡ್ತೈತೇನು, ಹೆಣ್ಮಕ್ಕಳನ್ನ ಕರೀತಾರೇನು ಅಂತ ನಾಳೆ ಕೇಳ್ತೀನಿ, ಕೇಳಿ ಇಲ್ಲೇ ಬರೀತೀನಿ.