ಕೊಡಗಲ್ಲೇ ಇದ್ದು ಹೂವಿನ ಅಲಂಕಾರವನ್ನೇ ಕಸುಬು ಮಾಡ್ಕೊಳ್ಳೋದು ಹೇಗೆ?

ಹಿತ್ತಲಹೂ:
ಬಿ.ಕಾಂ. ಮುಗಿದಿದೆ, ಊರು ವಿರಾಜಪೇಟೆ ಕಡೆ. ಮನೆ ಪಕ್ಕ ನೆರಳುಬಲೆ ಅಡಿ 300 ಆಂಥೂರಿಯಂ ಗಿಡ ಇವೆ. ಮದುವೆ, ರೆಸಾರ್ಟ್ ಅಲಂಕಾರದ ಕೆಲಸ ಹಿಡಿಯೋ ಯೋಚನೆ. ಬೆಂಗಳೂರಲ್ಲಿ ಮೂರು ತಿಂಗಳ ಕೋರ್ಸ್ ಮಾಡಲೇಬೇಕಾ? ರೇಟು ಹೇಗೆ ಹೇಳೋದು? ಮಳೆಗಾಲದಲ್ಲಿ ಏನು ಗತಿ?

ಮಂಜುಮೊಗ್ಗು:
ಕೋರ್ಸ್ ಆಮೇಲೆ ನೋಡಿ. ಡಿಸೆಂಬರಿಂದ ಮೇವರೆಗೆ ಯಾವುದಾದರೂ ಡೆಕೊರೇಷನ್‌ನವರ ಜೊತೆ ದಿನಗೂಲಿಗೆ ಹೋದರೆ ಜಾಸ್ತಿ ಕಲೀತೀರಿ. ಮೊದಲು ಹೂ ಉಳಿಸೋದು ಕಲಿಯಿರಿ. ಮುಹೂರ್ತದ ಹೊತ್ತಿಗೆ ಕತ್ತು ಬಗ್ಗಿಸಿದ ಜರ್ಬೆರಾ ಇಟ್ಕೊಂಡು ಎಂಥ ಕೈಚಳಕ ಇದ್ದರೂ ವ್ಯರ್ಥ.

ಜರ್ಬೆರಾ ಕಾಂಡ ನೀರಲ್ಲಿ ಬೇಗ ಕೊಳೆಯುತ್ತೆ. ಬಕೆಟ್ ತುಂಬ ನೀರು ಬೇಡ, ಎರಡು ಮೂರು ಇಂಚು ಸಾಕು, ಕೆಲವು ಹನಿ ಬ್ಲೀಚ್ ಹಾಕಿ. ಗುಲಾಬಿ ತಲೆ ಬಾಗಿದರೆ ಕಾಂಡದೊಳಗೆ ಗಾಳಿ ಸೇರಿದೆ ಅಂತ ಅರ್ಥ. ನೀರೊಳಗೇ ತುದಿಯನ್ನ ಒಂದಿಂಚು ಓರೆಯಾಗಿ ಕತ್ತರಿಸಿ, ಪೇಪರಲ್ಲಿ ಬಿಗಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ಕತ್ತಿನವರೆಗೆ ಎರಡು ಗಂಟೆ ನಿಲ್ಲಿಸಿ. ಅರ್ಧಕ್ಕರ್ಧ ಮೇಲೇಳುತ್ತವೆ.

ಆಂಥೂರಿಯಂ ಬೇರೆ ಜಾತಿ. ಗುಲಾಬಿ ಜೊತೆ ಫ್ರಿಡ್ಜಿಗೆ ತುಂಬಿದರೆ ಕೆಟ್ಟಿತು: 13 ಡಿಗ್ರಿಗಿಂತ ಕೆಳಗೆ ಚಳಿ ಹೊಡೆದು ಕಪ್ಪಾಗುತ್ತೆ. ಚಳಿಗಾಲದ ರಾತ್ರಿ ತೆರೆದ ಜೀಪಲ್ಲಿ ಬಿಟ್ಟರೂ ಅಷ್ಟೆ. ಬಾಡಿದ್ದನ್ನ ಹೂ ಸಮೇತ ಒಂದು ಗಂಟೆ ನೀರಲ್ಲಿ ಮುಳುಗಿಸಿಡಿ. ನಡುವಿನ ಕಡ್ಡಿ ಬುಡದಿಂದ ಅರ್ಧಕ್ಕಿಂತ ಮೇಲಕ್ಕೆ ಬಣ್ಣ ತಿರುಗಿದ ಮೇಲೇ ಕೊಯ್ಯಿರಿ. ಎಳೆಯದನ್ನ ಕೊಯ್ದರೆ ಬೇಗ ಜೋಲುತ್ತೆ, ಬಲಿತದ್ದು ಹೂದಾನಿಯಲ್ಲಿ ಎರಡು ವಾರ ನಿಲ್ಲುತ್ತೆ.

ಲೆಕ್ಕದಕ್ಕ:
ರೇಟಿನ ವಿಷಯ. "ಸ್ಟೇಜಿಗೆ ಎಷ್ಟಾಗುತ್ತೆ?" ಅಂತ ಫೋನಲ್ಲಿ ಕೇಳಿದ ಕೂಡಲೇ ಅಂಕಿ ಹೇಳ್ಬೇಡಿ. ಗುಲಾಬಿ ಕಟ್ಟಿಗೆ 20, ಜರ್ಬೆರಾ ಕಟ್ಟಿಗೆ 10. ಬೇಕಾದ ಹೂ ಎಣಿಸಿ, ಕಟ್ಟಿನ ಲೆಕ್ಕಕ್ಕೆ ತಂದು, ದಾರಿಯಲ್ಲಿ ನಲುಗುವುದಕ್ಕೆ ನೂರಕ್ಕೆ 15 ಸೇರಿಸಿ.

ಉದಾಹರಣೆಗೆ ಹೂವಿಗೆ 8,000, ನಲುಗುವುದಕ್ಕೆ 1,200, ಎಲೆಗೆ 1,500, ಓಯಸಿಸ್ (ಹೂ ಚುಚ್ಚೋಕೆ ನೀರು ಕುಡಿಸಿ ಬಳಸೋ ಹಸಿರು ಫೋಮ್ ಇಟ್ಟಿಗೆ), ತಂತಿ, ಬಟ್ಟೆಗೆ 2,000, ಗಾಡಿಗೆ 3,000, ರಾತ್ರಿ ಕೆಲಸಕ್ಕೆ ನಾಲ್ಕು ಜನಕ್ಕೆ 4,800. ಒಟ್ಟು 20,500. ಇದಕ್ಕೆ 30,000ಕ್ಕಿಂತ ಕಮ್ಮಿ ಒಪ್ಪಿದರೆ ನಿಮ್ಮ ಕೂಲಿ ನೀವೇ ಬಿಟ್ಟಂತೆ. ಮನೆಯ ಆಂಥೂರಿಯಂ ಪುಕ್ಕಟೆ ಅಂತ ಲೆಕ್ಕದಿಂದ ಬಿಡೋದೇ ಎಲ್ಲರೂ ಮಾಡೋ ತಪ್ಪು, ಅದಕ್ಕೂ ಮಾರುಕಟ್ಟೆ ಬೆಲೆಯನ್ನೇ ಹಾಕಿ. ಅರ್ಧ ಮುಂಗಡ ಕೈಗೆ ಬರದೆ ಮೈಸೂರಿಗೆ ಹೂ ಹೇಳ್ಬೇಡಿ.

ಕಕ್ಕಡದಲ್ಲಿ, ಅಂದರೆ ಜುಲೈ ನಡುವಿಂದ ಆಗಸ್ಟ್ ನಡುವರೆಗಿನ ಕೊಡವ ತಿಂಗಳಲ್ಲಿ, ಮದುವೆ ಇಲ್ಲ. ಅದಕ್ಕೇ ಮೇ ಮುಗಿಯೋದರೊಳಗೆ ಎರಡು ಮೂರು ರೆಸಾರ್ಟಿಗೆ ವಾರಕ್ಕೊಮ್ಮೆ ಹೂದಾನಿ ಬದಲಾಯಿಸೋ ಕರಾರು ಮಾಡ್ಕೊಳ್ಳಿ. ಆಂಥೂರಿಯಂ, ಹೆಲಿಕೋನಿಯ, ಏಲಕ್ಕಿ ಎಲೆ ಇದ್ದರೆ ಸಾಕು. ಜಡಿಮಳೆಯ ತೇವಕ್ಕೆ ಗುಲಾಬಿ ಎಸಳಿಗೆ ಬೂಷ್ಟು ಹಿಡಿಯುತ್ತೆ, ಅದರ ತಂಟೆಗೇ ಹೋಗ್ಬೇಡಿ.

ಬೈನೆಗರಿ:
ಓಯಸಿಸ್ ಬಗ್ಗೆ ನಂದು ತಕರಾರು ಇದೆ. ಒಂದು ಇಟ್ಟಿಗೆ ನೀರು ಕುಡಿದರೆ ಹತ್ತಿರ ಎರಡು ಕಿಲೋ. ಕಮಾನಿನ ನೆತ್ತಿಗೆ ಹತ್ತು ಕಟ್ಟಿದರೆ 20 ಕಿಲೋ, ಮಾಮೂಲಿ ಪೈಪು ವಾಲದೆ ಇರುತ್ತಾ? ಒತ್ತಿ ಮುಳುಗಿಸಿದರೆ ನಡುವೆ ಒಣಗೇ ಉಳಿಯುತ್ತೆ, ತಾನಾಗಿ ಇಳಿಯೋಕೆ ಬಿಡಬೇಕು. ಒಮ್ಮೆ ಒಣಗಿದ್ದು ಮತ್ತೆ ಸರಿಯಾಗಿ ನೀರು ಹಿಡಿಯಲ್ಲ. ಕೊನೆಗೆ ಪುಡಿಯಾಗಿ ಪ್ಲಾಸ್ಟಿಕ್ಕಾಗಿಯೇ ತೋಡು ಸೇರುತ್ತೆ.

ಒಂದು ದಿನದ ಕೆಲಸಕ್ಕೆ ಬಾಳೆದಿಂಡು ಸಾಕು. ಒಂದಡಿ ತುಂಡು ಮಾಡಿ, ಕಡ್ಡಿಯಿಂದ ತೂತು ಕೊರೆದು ಹೂ ಚುಚ್ಚಿ. ಗಟ್ಟಿ ಕಾಂಡದ ಹೂ ಮಾತ್ರ ನಿಲ್ಲುತ್ತೆ, ಜರ್ಬೆರಾ ಮುರಿಯುತ್ತೆ.

ಇನ್ನೊಂದು: ಕೊಡವ ಮದುವೆಯಲ್ಲಿ ಮುಕ್ಕಾಲಿ ಮೇಲೆ ಕೂತವರಿಗೆ ಅಕ್ಕಿ ಹಾಕಿ ಹರಸೋಕೆ ಜನ ಸಾಲಾಗಿ ಬರ್ತಾರೆ. ಮುಂದೆ ಹೂಕುಂಡ ಇಟ್ಟರೆ ಮೊದಲ ಹತ್ತು ಜನಕ್ಕೇ ಸೀರೆ ಸಿಕ್ಕಿ ಉರುಳುತ್ತೆ. ಅಲಂಕಾರವೆಲ್ಲ ಹಿಂದೆ ಇರಲಿ, ಎರಡೂ ಬದಿ ನಾಲ್ಕಡಿ ದಾರಿ ಬಿಡಿ.

ಹಿತ್ತಲಹೂ:
ತುಂಬ ಉಪಕಾರ. ಬಾಳೆದಿಂಡಿನ ರಸ ಸ್ಟೇಜ್ ಬಟ್ಟೆಗೆ ತಾಗಿದರೆ ಕಲೆ ಆಗಲ್ವಾ?

ಬೈನೆಗರಿ:
ಆಗುತ್ತೆ, ಒಗೆದರೂ ಹೋಗಲ್ಲ. ಹಿಂದಿನ ಸಂಜೆಯೇ ಕಡಿದು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ರಸ ಇಳಿದುಹೋಗಲಿ. ಬೆಳಿಗ್ಗೆ ಕಡಿದ ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ ಬಿಗಿದು ಕಟ್ಟಿ, ಅಡಿಗೆ ಹಳೇ ಗೋಣಿಚೀಲ ಹಾಸಿ. ಬಿಳಿ ಬಟ್ಟೆ ಬಾಡಿಗೆಯದಾದರೆ ದಿಂಡು ಬಿಟ್ಟು ಕೋಳಿಬಲೆ (ಕೋಳಿಗೂಡಿಗೆ ಹಾಕೋ ತಂತಿಬಲೆ) ಸುತ್ತಿ ಕೆಲಸ ಮಾಡಿ.