ಬ್ರಯನ್ ಟೇಲರ್ ಭುಜ ಹೋಗದಿದ್ದರೆ ಏನಾಗುತ್ತಿತ್ತು?

ಬ್ರಾಂಕ್ಸ್_ಭಟ್ಟ:
ಅಮೆರಿಕದ ಬೇಸ್‌ಬಾಲ್ ಡ್ರಾಫ್ಟ್ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಹತ್ತಿರ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದೇ ಹೆಸರು, ಬ್ರಯನ್ ಟೇಲರ್. ಹೊಸಬರಿಗೆ ಎರಡು ಮಾತು. 1990ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ 95 ಪಂದ್ಯ ಸೋತು ಅಮೆರಿಕನ್ ಲೀಗಿನಲ್ಲೇ ತಳ ಸೇರಿತ್ತು. ಹಾಗಾಗಿ 1991ರ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಅವರ ಪಾಲಿಗೆ ಬಂತು. ಅವರು ಆರಿಸಿದ್ದು ನಾರ್ತ್ ಕ್ಯಾರೊಲೈನಾದ ಬೋಫರ್ಟ್ ಊರಿನ ಎಡಗೈ ಪಿಚರ್ (ಚೆಂಡು ಎಸೆಯುವವ) ಟೇಲರ್‌ನನ್ನು. ಹೈಸ್ಕೂಲಿನ ಕೊನೆ ವರ್ಷ ಅವನು 88 ಇನಿಂಗ್ಸ್ ಎಸೆದು 213 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ್ದ. 88 ಇನಿಂಗ್ಸ್ ಅಂದರೆ, ಇನಿಂಗ್ಸಿಗೆ ಮೂರರಂತೆ, 264 ಔಟ್. ಅದರಲ್ಲಿ 213 ಇವನೊಬ್ಬನದೇ! ಉಳಿದ ಎಂಟು ಜನಕ್ಕೆ ಮೈದಾನದಲ್ಲಿ ಕೆಲಸವೇ ಇರಲಿಲ್ಲ. ವೇಗ ಗಂಟೆಗೆ 98 ಮೈಲಿ ಮುಟ್ಟುತ್ತಿತ್ತು. ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. 1993ರ ಡಿಸೆಂಬರಿನಲ್ಲಿ ಸಹೋದರನ ಪರವಾಗಿ ಕೇಳಲು ಹೋಗಿ ಹೊಡೆದಾಟಕ್ಕೆ ಸಿಕ್ಕ. ಎಡ ಭುಜದ ಮೇಲೆ ಬಿದ್ದ. ಎಲ್ಲಕ್ಕಿಂತ ಮೇಲಿನ ಮಟ್ಟದ ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯದೆ ಆಟ ಮುಗಿಯಿತು. ಆ ಒಂದು ರಾತ್ರಿ ಇಲ್ಲದಿದ್ದರೆ ಹಾಲ್ ಆಫ್ ಫೇಮ್ (ಮಹಾನ್ ಆಟಗಾರರ ಗೌರವಪಟ್ಟಿ) ಗ್ಯಾರಂಟಿ. ನಾನಂತೂ ಹಾಗೇ ನಂಬಿದ್ದೇನೆ.

ಅಂಕಿ_ಮಾತ್ರ:
"ಗ್ಯಾರಂಟಿ" ಅನ್ನೋದು ದೊಡ್ಡ ಮಾತು ಭಟ್ರೇ. 1993ರಲ್ಲಿ, ಅಂದರೆ ಭುಜ ಗಟ್ಟಿಯಾಗಿದ್ದಾಗಲೇ, ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ತಂಡ ಆಲ್ಬನಿಯಲ್ಲಿ ಅವನ ಲೆಕ್ಕ ನೋಡಿ. 163 ಇನಿಂಗ್ಸ್, 102 ವಾಕ್. ಒಂಬತ್ತು ಇನಿಂಗ್ಸಿಗೆ ಐದೂವರೆಗಿಂತ ಜಾಸ್ತಿ. ಸ್ಟ್ರೈಕ್ ಜೋನ್ (ಎಸೆತ ಹಾದುಹೋಗಬೇಕಾದ ಚೌಕಟ್ಟು) ಎಲ್ಲಿದೆ ಅಂತಲೇ ಗೊತ್ತಿಲ್ಲದವನನ್ನು ಹಾಲ್ ಆಫ್ ಫೇಮಿಗೆ ಕಳಿಸ್ತೀರಾ? ಹೈಸ್ಕೂಲ್ ಅಂಕಿ ತೋರಿಸಬೇಡಿ. ಹೈಸ್ಕೂಲಿನಲ್ಲಿ ಎಲ್ಲರೂ ಕುರುಡು ಬ್ಯಾಟ್ ಬೀಸುವವರೇ.

ಸುಮ್ನೆ_ಓದುಗ:
ವಾಕ್ ಅಂದ್ರೆ ಕ್ರಿಕೆಟ್ಟಿನ ವೈಡ್ ತರಹವಾ?

ಅಂಕಿ_ಮಾತ್ರ:
ಪೂರ್ತಿ ಅಲ್ಲ. ಜೋನ್ ಹೊರಗೆ ಹೋದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ ನಾಲ್ಕಾದರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಪುಕ್ಕಟೆ. ಇವನು ಒಂದು ಸೀಸನ್ನಿನಲ್ಲಿ 102 ಸಲ ಪುಕ್ಕಟೆ ಕೊಟ್ಟಿದ್ದಾನೆ.

ಬ್ರಾಂಕ್ಸ್_ಭಟ್ಟ:
"ಜೋನ್ ಎಲ್ಲಿದೆ ಅಂತ ಗೊತ್ತಿಲ್ಲದವನು" ಅಂದ್ರಿ. ಅದೇ ವರ್ಷ ಅವನು 13 ಗೆದ್ದು 7 ಸೋತ. ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸಿಗೆ ಕೊಟ್ಟ ರನ್ನಿನ ಸರಾಸರಿ, 3.48; ಕಡಿಮೆ ಇದ್ದಷ್ಟೂ ಒಳ್ಳೆಯದು. ವಯಸ್ಸು 21. ಅದರ ಹಿಂದಿನ ವರ್ಷ ಇನ್ನೂ ಕೆಳಹಂತದ ತಂಡ ಫೋರ್ಟ್ ಲಾಡರ್‌ಡೇಲಿನಲ್ಲಿ 161 ಇನಿಂಗ್ಸಿಗೆ 187 ಸ್ಟ್ರೈಕ್‌ಔಟ್, ಇಆರ್‌ಎ 2.57. ಇದನ್ನು ಮಾತ್ರ ಜಾಣತನದಿಂದ ಬಿಟ್ಟಿರಿ. ಬೇಸ್‌ಬಾಲ್ ಅಮೆರಿಕ ಪತ್ರಿಕೆ 1992ರಲ್ಲಿ ದೇಶದ ನಂಬರ್ ಒಂದು ಪ್ರಾಸ್ಪೆಕ್ಟ್ (ಭರವಸೆಯ ಹೊಸ ಆಟಗಾರ) ಅಂತ ಇವನನ್ನೇ ಹಾಕಿತ್ತು.

ಹಳೇ_ಮೆಟ್ಸ್:
ವಾಕ್, ಭುಜ ಎಲ್ಲ ಆಮೇಲೆ. ಈ ಕಥೆ ಕೆಟ್ಟಿದ್ದು 1991ರ ಬೇಸಿಗೆಯಲ್ಲೇ. ಅದರ ಹಿಂದಿನ ವರ್ಷ ಮೊದಲ ಆಯ್ಕೆಯಾದ ಚಿಪ್ಪರ್ ಜೋನ್ಸ್ 2.75 ಲಕ್ಷ ಡಾಲರಿಗೆ ಸಹಿ ಹಾಕಿ ಕೆಲಸಕ್ಕೆ ಹೋದ. ಟೇಲರ್ ತಾಯಿ ಮಾತ್ರ ಏಜೆಂಟ್ ಸ್ಕಾಟ್ ಬೋರಾಸ್ ಮಾತು ಕೇಳಿ ಬೇಸಿಗೆಪೂರ್ತಿ ಮಗನನ್ನು ಮನೆಯಲ್ಲಿ ಕೂರಿಸಿದರು. ದುರಾಸೆ. 19 ವರ್ಷದ ಹುಡುಗನಿಗೆ ಅಷ್ಟು ದುಡ್ಡು ಕೊಟ್ಟರೆ ಇನ್ನೇನಾಗುತ್ತೆ?

ಸುಮಾ_ರಾಲಿ:
"ದುರಾಸೆ" ಅನ್ನೋ ಮೊದಲು ಆ ತಾಯಿ ಯಾರು ಅಂತ ತಿಳ್ಕೊಳ್ಳಿ ಸ್ವಾಮಿ. ಬೆಟ್ಟಿ ಟೇಲರ್ ಏಡಿ ಬಿಡಿಸುವ ಕೆಲಸ ಮಾಡುತ್ತಿದ್ದವರು. ಗಂಡ ಗಾರೆ ಕೆಲಸದವರು. ನಾನು ನಾರ್ತ್ ಕ್ಯಾರೊಲೈನಾದಲ್ಲೇ ಇರೋದು. ಕರಾವಳಿಯಲ್ಲಿ ಆ ಕೆಲಸ ಹೇಗೆ ನಡೆಯುತ್ತೆ ಅಂತ ನೋಡಿದ್ದೇನೆ. ಉದ್ದ ಮೇಜು, ಮೇಲೆ ಬೇಯಿಸಿದ ಏಡಿ ರಾಶಿ, ಕೈಯಲ್ಲಿ ಸಣ್ಣ ಚಾಕು. ಬೆನ್ನಿನ ಚಿಪ್ಪು ಎತ್ತಿ, ಕಾಲು ಮುರಿದು, ಮಾಂಸ ಪುಡಿಯಾಗದ ಹಾಗೆ ತೆಗೆದು ಡಬ್ಬಿಗೆ ಹಾಕಬೇಕು. ಬೆರಳೆಲ್ಲ ಗೀರು. ಕೂಲಿ ತೂಕದ ಲೆಕ್ಕ. ಅಂಥ ಹೆಂಗಸು ನ್ಯೂಯಾರ್ಕ್ ಯಾಂಕೀಸ್ ಎದುರು ಕೂತು "ಈ ರೇಟಿಗೆ ನನ್ನ ಮಗ ಬರಲ್ಲ" ಅಂದರು. ಅದಕ್ಕೆ ಧೈರ್ಯ ಅಂತಾರೆ.

ಹಳೇ_ಮೆಟ್ಸ್:
"ಈ ರೇಟಿಗೆ ಬರಲ್ಲ" ಅನ್ನೋದು ವ್ಯಾಪಾರ, ಧೈರ್ಯ ಅಲ್ಲ ಮೇಡಂ. ಬಡತನ ಇದ್ದ ಮಾತ್ರಕ್ಕೆ ಕೇಳಿದ್ದೆಲ್ಲ ನ್ಯಾಯ ಆಗಲ್ಲ. ಕೆನ್ ಗ್ರಿಫಿ ಜೂನಿಯರ್ 1987ರಲ್ಲಿ ಮೊದಲ ಆಯ್ಕೆ. ಸುಮಾರು 1.6 ಲಕ್ಷಕ್ಕೆ ಸಹಿ ಹಾಕಿದ. ಅವನಿಗಿಂತ ಟೇಲರ್ ಹತ್ತು ಪಟ್ಟು ದೊಡ್ಡ ಆಟಗಾರನಾ?

ಸುಮಾ_ರಾಲಿ:
ಗ್ರಿಫಿ ಹೆಸರು ಹೇಳಿದ್ರಿ, ಚಿಪ್ಪರ್ ಹೆಸರು ಹೇಳಿದ್ರಿ. ಟಾಡ್ ವ್ಯಾನ್ ಪಾಪೆಲ್ ಹೆಸರು ಯಾಕೆ ಬರಲಿಲ್ಲ? 1990ರಲ್ಲಿ ಚಿಪ್ಪರ್ ಜೊತೆಗೇ ಡ್ರಾಫ್ಟ್ ಆದವನು. ಟೆಕ್ಸಸ್‌ನ ಬಿಳಿ ಹುಡುಗ, 14ನೇ ಆಯ್ಕೆ. ಓಕ್‌ಲ್ಯಾಂಡ್ ಅವನಿಗೆ 12 ಲಕ್ಷ ಡಾಲರಿನ ಒಪ್ಪಂದ ಕೊಟ್ಟಿತು. ಟೇಲರ್ ಕುಟುಂಬ ಕೇಳಿದ್ದು ಅದೇ ಮಟ್ಟದ ದುಡ್ಡು. 14ನೆಯವನಿಗೆ ಸಿಕ್ಕಿದ್ದು ಮೊದಲನೆಯವನಿಗೆ ಯಾಕಿಲ್ಲ ಅಂತ. ವ್ಯಾನ್ ಪಾಪೆಲ್ ಮನೆಯವರನ್ನು ನೀವು ಯಾವತ್ತಾದರೂ ದುರಾಸೆಯವರು ಅಂದಿದ್ದೀರಾ?

ಹಳೇ_ಮೆಟ್ಸ್:
ಬಿಳಿ, ಕಪ್ಪು ಅಂತ ಎಳೆದು ತಂದಿದ್ದು ನೀವು. ನಾನು ಬಣ್ಣದ ಮಾತು ಆಡಿಯೇ ಇಲ್ಲ. ನನ್ನ ಬಾಯಿಗೆ ಮಾತು ತುರುಕಬೇಡಿ. ವ್ಯಾನ್ ಪಾಪೆಲ್ ಕೂಡ ಏನಾದ? ಮೇಜರ್ ಲೀಗಿನಲ್ಲಿ 40 ಗೆದ್ದು 52 ಸೋತ. ಇಆರ್‌ಎ 5.58. ಅವನಿಗೂ ದುಡ್ಡು ಮೊದಲು ಬಂತು, ಆಟ ಬರಲಿಲ್ಲ. ನಿಮ್ಮ ಉದಾಹರಣೆ ನನ್ನ ಮಾತನ್ನೇ ಹೇಳ್ತಿದೆ.

ಅಂಕಿ_ಮಾತ್ರ:
"ದುಡ್ಡು ಮೊದಲು ಬಂತು, ಆಟ ಬರಲಿಲ್ಲ" ಅನ್ನೋದಕ್ಕೆ ಇಬ್ಬರು ಸಾಕ್ಷಿನಾ? 1993ರ ಮೊದಲ ಆಯ್ಕೆ ಅಲೆಕ್ಸ್ ರಾಡ್ರಿಗಸ್. ಅವನ ಪರ ಮಾತಾಡಿದ್ದೂ ಬೋರಾಸೇ. ಹತ್ತು ಲಕ್ಷ ಡಾಲರ್ ದಾಟಿದ ಒಪ್ಪಂದ. 696 ಹೋಮ್‌ರನ್ ಹೊಡೆದ. ದುಡ್ಡು ಕೈ ಹಿಡಿದು ಎಳೆಯಲಿಲ್ಲ. ಟೇಲರ್ ವಿಷಯದಲ್ಲಿ ಸಮಸ್ಯೆ ದುಡ್ಡಲ್ಲ, 102.

ಹಳೇ_ಮೆಟ್ಸ್:
ರಾಡ್ರಿಗಸ್ ಹೆಸರನ್ನು ಒಳ್ಳೆ ನಡತೆಗೆ ಉದಾಹರಣೆ ಕೊಡ್ತಿದ್ದೀರಾ? ನಿಷೇಧಿತ ಔಷಧಿಗೆ 2014ರ ಇಡೀ ಸೀಸನ್ ಹೊರಗೆ ಕೂತವನು!

ಅಂಕಿ_ಮಾತ್ರ:
ನಡತೆ ಅಂತ ನಾನೆಲ್ಲಿ ಬರೆದೆ?

ಬ್ರಾಂಕ್ಸ್_ಭಟ್ಟ:
ದಯವಿಟ್ಟು ರಾಡ್ರಿಗಸ್ ಬೇಡ, ಆ ಚರ್ಚೆ ಶುರುವಾದರೆ ಮುಗಿಯಲ್ಲ. ಇನ್ನೊಂದು ಮಾತು. ಆ ಬೇಸಿಗೆಯಲ್ಲಿ ಯಾಂಕೀಸ್ ಮಾಲೀಕ ಸ್ಟೈನ್‌ಬ್ರೆನರ್ ಮೇಲೆ ನಿಷೇಧ ಇತ್ತು. ತಂಡದ ವ್ಯವಹಾರಕ್ಕೆ ಕೈ ಹಾಕುವ ಹಾಗಿರಲಿಲ್ಲ. ಆದರೂ ಈ ಹುಡುಗನನ್ನು ಕೈಬಿಟ್ಟರೆ ನಮ್ಮವರಿಗೆ ಗುಂಡು ಹೊಡೀಬೇಕು ಅನ್ನೋ ಅರ್ಥದಲ್ಲಿ ಪತ್ರಿಕೆಯವರ ಮುಂದೆ ಹೇಳಿದರು. ಮಾಲೀಕನೇ ಹಾಗಂದ ಮೇಲೆ ಯಾವ ತಾಯಿ ರೇಟು ಇಳಿಸ್ತಾಳೆ? ಆಗಸ್ಟ್ ಕೊನೆಗೆ ಯಾಂಕೀಸೇ ಮಣಿಯಿತು.

ಹಳೇ_ಮೆಟ್ಸ್:
"ಯಾಂಕೀಸೇ ಮಣಿಯಿತು". ಸರಿ. ಮಣಿದು ಏನು ಸಿಕ್ಕಿತು? ಅದೇ ಯಾಂಕೀಸ್ ಪನಾಮಾದಿಂದ ಮರಿಯಾನೊ ರಿವೇರಾನನ್ನು ಕೆಲವೇ ಸಾವಿರ ಡಾಲರಿಗೆ ತಂದಿತು. 652 ಸೇವ್, ಅಂದರೆ ಕೊನೆಗೆ ಬಂದು ಮುನ್ನಡೆ ಉಳಿಸಿಕೊಟ್ಟ ಪಂದ್ಯಗಳು. ಆಂಡಿ ಪೆಟಿಟ್ 1990ರಲ್ಲಿ 22ನೇ ಸುತ್ತು, ಹೊರ್ಹೆ ಪೊಸಾಡಾ 24ನೇ ಸುತ್ತು. 1996ರಿಂದ 2000ದೊಳಗೆ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದಿದ್ದು ಇಂಥವರಿಂದ. 15.5 ಲಕ್ಷ ಮಣ್ಣುಪಾಲು.

ಸುಮಾ_ರಾಲಿ:
ರಿವೇರಾ ಅಗ್ಗಕ್ಕೆ ಸಿಕ್ಕ ಅಂತ ನೀವು ಖುಷಿ ಪಡ್ತಿದ್ದೀರಿ. ಮೀನುಗಾರ ಊರಿನ ಇನ್ನೊಬ್ಬ ಬಡ ಹುಡುಗ ಅವನು. ಅವನಿಗೆ ಸಿಗಬೇಕಾದದ್ದು ಸಿಗಲಿಲ್ಲ ಅಂತ ಅನ್ನಿಸಲ್ವಾ? ಡ್ರಾಫ್ಟ್ ಹುಟ್ಟಿದ್ದೇ ಯಾಕೆ ಅಂತ ಗೊತ್ತಾ? 1964ರಲ್ಲಿ ರಿಕ್ ರೈಕಾರ್ಟ್ ಅನ್ನೋ ಹುಡುಗನಿಗಾಗಿ ತಂಡಗಳು ಹರಾಜಿನ ಹಾಗೆ ಪೈಪೋಟಿಗೆ ಇಳಿದವು. ಏಂಜಲ್ಸ್ ತಂಡ 2.05 ಲಕ್ಷ ಡಾಲರ್ ಕೊಟ್ಟಿತು. ಮಾಲೀಕರು ಬೆದರಿದರು. ಮರುವರ್ಷವೇ ಡ್ರಾಫ್ಟ್ ತಂದರು. ಒಬ್ಬ ಹುಡುಗ, ಒಂದೇ ತಂಡ, ಬೇರೆ ಯಾರ ಹತ್ತಿರವೂ ಮಾತಾಡೋ ಹಾಗಿಲ್ಲ. ಆಮೇಲೆ ಸುಮಾರು 15 ವರ್ಷ ಆ 2.05 ಲಕ್ಷದ ಬೋನಸನ್ನು ಯಾರೂ ದಾಟಲಿಲ್ಲ. ಆಟದ ಆದಾಯ ಎಷ್ಟೋ ಪಟ್ಟು ಏರಿತ್ತು. ಇಂಥ ವ್ಯವಸ್ಥೆ ಎದುರು ಬೆಟ್ಟಿ ಟೇಲರ್ ಗಟ್ಟಿಯಾಗಿ ನಿಂತರು. ನೀವು ಮಾಲೀಕರ ಗಲ್ಲಾಪೆಟ್ಟಿಗೆ ಕಾಯ್ತಾ ಕೂತಿದ್ದೀರಿ.

ಹಳೇ_ಮೆಟ್ಸ್:
"ಗಲ್ಲಾಪೆಟ್ಟಿಗೆ ಕಾಯ್ತಾ" ಅಂದ್ರೆ ಏನರ್ಥ? ಮೂವತ್ತು ವರ್ಷದಿಂದ ಟಿಕೆಟ್ ಕೊಂಡು ಆಟ ನೋಡಿದವನು ನಾನು. ಆ ಲಕ್ಷಗಳೆಲ್ಲ ಬರೋದು ನಮ್ಮ ಜೇಬಿನಿಂದ. ನನಗೆ ಪಾಠ ಹೇಳಬೇಡಿ. ಮತ್ತೆ, ಆ ಹುಡುಗ ಕೊನೆಗೆ ಎಲ್ಲಿ ಹೋದ? 2012ರಲ್ಲಿ ಮಾದಕ ವಸ್ತು ಮಾರಿದ್ದಕ್ಕೆ 38 ತಿಂಗಳು ಜೈಲು. ಬುದ್ಧಿ ಅಲ್ಲೇ ಗೊತ್ತಾಗುತ್ತೆ.

ಸುಮಾ_ರಾಲಿ:
ಇದು ಅನ್ಯಾಯದ ಮಾತು. ಅವನು ತಪ್ಪು ಮಾಡಿದ, ಶಿಕ್ಷೆ ಅನುಭವಿಸಿದ. ಆದ್ರೆ 2012ರ ತಪ್ಪನ್ನು ತಗೊಂಡು 1991ರ ತಾಯಿ ಮೇಲೆ ಹಾಕ್ತೀರಾ? ನಡುವೆ ಇಪ್ಪತ್ತೊಂದು ವರ್ಷ ಇದೆ. ಆಡಲು ಕೈ ಇಲ್ಲ, ಬೇರೆ ಕಸುಬು ಕಲಿಯೋ ವಯಸ್ಸಿನಲ್ಲಿ ಇವನು ಚೆಂಡು ಎಸೀತಿದ್ದ. ಆಟ ಬಿಟ್ಟು ಊರಿಗೆ ಬಂದ ಮೇಲೆ ಇಟ್ಟಿಗೆ ಕೆಲಸ ಮಾಡಿದ, ಅಪ್ಪನ ಹಾಗೆ. ಅದನ್ನು ಯಾಕೆ ಬರೆಯಲ್ಲ ನೀವು?

ಭುಜದ_ವೈದ್ಯ:
"ಆಡಲು ಕೈ ಇಲ್ಲ" ಅಂದ್ರಲ್ಲ, ಅದೇ ಇಲ್ಲಿ ಮುಖ್ಯ. ನೀವೆಲ್ಲ ದುಡ್ಡಿನ ಹಿಂದೆ ಓಡ್ತಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ಎಸೆಯುವವರ ಭುಜ ದಿನಾ ನೋಡುವವನು. ಭುಜದ ಕೀಲಿನ ಗುಳಿ ತುಂಬ ಆಳವಿಲ್ಲ. ತಟ್ಟೆ ಮೇಲೆ ಚೆಂಡು ಇಟ್ಟ ಹಾಗೆ. ಅದನ್ನು ಜಾರದಂತೆ ಹಿಡಿಯೋದು ಸುತ್ತಲಿನ ಮೃದ್ವಸ್ಥಿಯ ಅಂಚು, ಅದಕ್ಕೆ ಲೇಬ್ರಮ್ ಅಂತಾರೆ, ಮತ್ತೆ ಕೀಲನ್ನು ಸುತ್ತಿರುವ ಚೀಲ. ಟೇಲರ್‌ಗೆ ಭುಜ ತಪ್ಪಿದ್ದಲ್ಲದೆ ಈ ಎರಡೂ ಹರಿದವು. ಡಾ. ಫ್ರಾಂಕ್ ಜೋಬ್ ತಾವು ಕಂಡ ಅತಿ ಕೆಟ್ಟ ಗಾಯಗಳಲ್ಲಿ ಒಂದು ಅಂದರು. 1974ರಲ್ಲಿ ಪಿಚರ್ ಟಾಮಿ ಜಾನ್ ಮೊಣಕೈ ಸರಿ ಮಾಡಿದ ಅದೇ ಡಾಕ್ಟರ್. ಮೊಣಕೈಯಾದರೆ ಬೇರೆ ಕಡೆಯ ಸ್ನಾಯುರಜ್ಜು ತಂದು ಕಟ್ಟಬಹುದು, ಬಹಳಷ್ಟು ಪಿಚರ್‌ಗಳು ವಾಪಸ್ ಬರ್ತಾರೆ. ಭುಜ ಹಾಗಲ್ಲ. ಬಿಗಿ ಮಾಡಿದರೆ ಕೈ ಹಿಂದಕ್ಕೆ ತಿರುಗಲ್ಲ, ವೇಗ ಹೋಗುತ್ತೆ. ಸಡಿಲ ಬಿಟ್ಟರೆ ಮತ್ತೆ ಜಾರುತ್ತೆ. 1994 ಪೂರ್ತಿ ಹೊರಗೆ ಕೂತು, 1995ರಲ್ಲಿ ಎಲ್ಲಕ್ಕಿಂತ ಕೆಳಗಿನ ಗಲ್ಫ್ ಕೋಸ್ಟ್ ಲೀಗಿಗೆ ಬಂದ. 40 ಇನಿಂಗ್ಸಿಗೆ 54 ವಾಕ್. 1996ರಲ್ಲಿ ಗ್ರೀನ್ಸ್‌ಬರೊದಲ್ಲಿ 16 ಇನಿಂಗ್ಸಿಗೆ 43 ವಾಕ್. ಅದು ನಡತೆ ಅಲ್ಲ, ದುಡ್ಡಲ್ಲ. ಹರಿದ ಭುಜ.

ಅಂಕಿ_ಮಾತ್ರ:
ವಾಕ್ ಅಂತ ನೀವೇ ಹೇಳಿದ್ರಿ ಡಾಕ್ಟ್ರೇ. ಗಾಯಕ್ಕೆ ಮೊದಲೂ ವಾಕ್, ಆಮೇಲೂ ವಾಕ್.

ಭುಜದ_ವೈದ್ಯ:
ಒಂಬತ್ತು ಇನಿಂಗ್ಸಿಗೆ ಐದೂವರೆ ಎಲ್ಲಿ, ಸುಮಾರು ಇಪ್ಪತ್ತನಾಲ್ಕು ಎಲ್ಲಿ? ಎರಡನ್ನೂ ಒಂದೇ ಗೆರೆ ಮೇಲೆ ಇಡೋದಕ್ಕೆ ಅಂಕಿ ಅಂತ ಹೆಸರು ಯಾಕೆ ಇಟ್ಕೊಂಡ್ರಿ?

ಹಳೇ_ಮೆಟ್ಸ್:
ಹೊಡೆದಾಟಕ್ಕೆ ಹೋಗಿದ್ದು ಯಾರು? ಭುಜ ತಾನಾಗಿ ಹರಿಯಲಿಲ್ಲವಲ್ಲ. ಲಕ್ಷಗಟ್ಟಲೆ ಡಾಲರಿನ ಕೈ ಇರುವವನು ರಾತ್ರಿ ಇನ್ನೊಬ್ಬರ ಮನೆ ಬಾಗಿಲಿಗೆ ಜಗಳಕ್ಕೆ ಹೋಗ್ತಾನಾ?

ಬ್ರಾಂಕ್ಸ್_ಭಟ್ಟ:
ಒಡಹುಟ್ಟಿದವನಿಗೆ ಪೆಟ್ಟು ಬಿದ್ದಿದೆ ಅಂತ ಗೊತ್ತಾದರೆ ನೀವು ಮನೆಯಲ್ಲಿ ಕೂತು ಕೈಗೆ ವಿಮೆ ಮಾಡಿಸ್ತಿದ್ರಾ? 22 ತುಂಬಲು ಇನ್ನೂ ಒಂದು ವಾರ ಇದ್ದ ಹುಡುಗ ಅವನು. ನ್ಯೂಯಾರ್ಕಿನ ಇನ್ನೊಂದು ತಂಡ ಮೆಟ್ಸ್‌ನ ಅಭಿಮಾನಿಗಳು ಈ ವಿಷಯದಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಬೇಕು. 1966ರಲ್ಲಿ, ಮುಂದೆ ಹಾಲ್ ಆಫ್ ಫೇಮ್ ಸೇರಿದ ರೆಜಿ ಜ್ಯಾಕ್ಸನ್‌ನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್‌ನನ್ನು ಮೊದಲ ಆಯ್ಕೆ ಮಾಡಿದ್ದು ಯಾರು?

ಹಳೇ_ಮೆಟ್ಸ್:
ಚಿಲ್ಕಾಟ್ ಭುಜ ಹೋಗಿದ್ದು ಆಡ್ತಾ ಇದ್ದಾಗ. ಸೆಕೆಂಡ್ ಬೇಸಿಗೆ ಹಾರಿ ಬಿದ್ದು. ಜಗಳದಲ್ಲಿ ಅಲ್ಲ.

ಸುಮ್ನೆ_ಓದುಗ:
ಮೊದಲ ಆಯ್ಕೆ ಆಗಿಯೂ ಮೇಜರ್ ಲೀಗ್ ಆಡದವರು ಇವರಿಬ್ಬರೇನಾ? ಮಾರ್ಕ್ ಆಪೆಲ್ ಅಂತ ಒಬ್ಬ ಇದ್ದ ಅಲ್ವಾ?

ಅಂಕಿ_ಮಾತ್ರ:
ಆಪೆಲ್ 2013ರ ಆಯ್ಕೆ. ಆಟ ಬಿಟ್ಟು, ವಾಪಸ್ ಬಂದು, 2022ರಲ್ಲಿ ಫಿಲಡೆಲ್ಫಿಯಾ ಪರ 30ನೇ ವಯಸ್ಸಿನಲ್ಲಿ ಆಡಿದ. 2014ರ ಬ್ರೇಡಿ ಏಕನ್ ಹ್ಯೂಸ್ಟನ್ ಜೊತೆ ಸಹಿಯೇ ಹಾಕಲಿಲ್ಲ, ಮುಂದೆಯೂ ಮೇಲೆ ಬರಲಿಲ್ಲ. ಆಪೆಲ್ ಕೊನೆಗಾದರೂ ಬಂದ ಯಾಕೆ? ಜೋನ್ ಒಳಗೆ ಎಸೀತಿದ್ದ.

ಬ್ರಾಂಕ್ಸ್_ಭಟ್ಟ:
ಮತ್ತೆ ಜೋನ್! ರ‍್ಯಾಂಡಿ ಜಾನ್ಸನ್ 1991ರಲ್ಲಿ ಮೇಜರ್ ಲೀಗಿನಲ್ಲೇ 152 ವಾಕ್ ಕೊಟ್ಟ. ಆಗ ಅವನ ವಯಸ್ಸು 27 ದಾಟಿತ್ತು. ಆಮೇಲೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಐದು ಸಲ. ಎಡಗೈ ವೇಗಿಗಳಿಗೆ ನಿಯಂತ್ರಣ ತಡವಾಗಿ ಬರುತ್ತೆ. ಟೇಲರ್‌ಗೆ ಆ ಆರು ವರ್ಷ ಸಿಗಲಿಲ್ಲ, ಅಷ್ಟೇ ನಾನು ಹೇಳ್ತಿರೋದು.

ಅಂಕಿ_ಮಾತ್ರ:
ರ‍್ಯಾಂಡಿ ಒಬ್ಬ. ನಿಯಂತ್ರಣ ಬಾರದೆ ಮೈನರ್ ಲೀಗಿನಲ್ಲೇ ಉಳಿದುಹೋದ ಎಡಗೈ ವೇಗಿಗಳು ಎಷ್ಟು ಜನ? ಅವರ ಬಗ್ಗೆ ಯಾರೂ ಚರ್ಚೆ ಶುರು ಮಾಡಲ್ಲ.

ಸುಮಾ_ರಾಲಿ:
ಹಳೇ ಮೆಟ್ಸ್ ಅವರೇ, ವ್ಯಾನ್ ಪಾಪೆಲ್ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಹಳೇ_ಮೆಟ್ಸ್:
ಕೊಟ್ಟಾಗಿದೆ. 40 ಗೆಲುವು, 52 ಸೋಲು. ಮೇಲೆ ಹೋಗಿ ಓದಿ.